ಖಾಲಿ ಮರಳದ ಡಬ್ಬ

ಐಸ್‌ಕ್ರೀಮ್ ಡಬ್ಬದಲ್ಲಿ ಐಸ್‌ಕ್ರೀಮ್ ಬಿಟ್ಟು ಬೇರೆ ಏನು ಬೇಕಾದರೂ ಇರಬಹುದೆಂದು ಮಂಗಳೂರಿನ ಎಲ್ಲ ಮನೆಗಳಿಗೂ ಗೊತ್ತು. ಆದರೂ ಜೆಪ್ಪುವಿನ ಪ್ರಾಣಿಶಾಸ್ತ್ರದ ಮೇಷ್ಟ್ರು ಮೋಕ್ಷಿತ್, ಘಟ್ಟದ ಕಾಡಿನಿಂದ ತಂದ ಸಿಸಿಲಿಯನ್ ಎಂಬ ಜೀವಿಯನ್ನು ಅಂಥದೊಂದು ಡಬ್ಬದಲ್ಲೇ ಮಣ್ಣು ತುಂಬಿ ಇಟ್ಟಿದ್ದ.

ಅದು ಕಾಲಿಲ್ಲದ, ಎರೆಹುಳದಂತೆ ಕಾಣುವ, ಕಪ್ಪೆಯ ದೂರದ ನೆಂಟ. ಅರಣ್ಯ ಇಲಾಖೆಯ ಅನುಮತಿ ಪಡೆದು, ಮಳೆಗಾಲವಿಡೀ ಜಿಗಣೆಗಳಿಗೆ ರಕ್ತದಾನ ಮಾಡಿದ ಮೇಲೆ ಸಿಕ್ಕಿದ್ದು ಅದೊಂದೇ. ಹೊಸ ಜಾತಿಯೆಂದು ತಜ್ಞ ಡಾ. ಗ್ಲೆನ್ ಒಪ್ಪಿದರೆ ಹೆಸರಿಡುವ ಭಾಗ್ಯ ಮೋಕ್ಷಿತನದು. ಅವರು ಭಾನುವಾರ ಸಂಜೆಯೇ ಬಜಪೆ ವಿಮಾನ ನಿಲ್ದಾಣದಲ್ಲಿ ಇಳಿಯುವವರಿದ್ದರು.

ಅದೇ ದಿನ ಬೆಳಿಗ್ಗೆ ಎದ್ದು ನೋಡಿದರೆ ಡಬ್ಬವೇ ಇಲ್ಲ. ಹೆಂಡತಿ ತೃಪ್ತಿಯನ್ನು ಕೇಳಿದ.

"ಅದರಲ್ಲಿ ಬರೀ ಮಣ್ಣಲ್ವಾ? ನಿನ್ನೆಯೇ ಮೆಟ್ಟಿಲ ಹತ್ತಿರದ ಹೂಕುಂಡಕ್ಕೆ ಸುರಿದೆ. ಡಬ್ಬ ತೊಳೆದು ಪಕ್ಕದ ಮನೆ ರಿಝ್ವಾನಾಗೆ ಪತ್ರೊಡೆ ಹಾಕಿ ಕೊಟ್ಟೆ."

ಹೂಕುಂಡವನ್ನು ಆಗಲೇ ಯಾರೋ ಕೆದಕಿದ್ದರು. ಮೋಕ್ಷಿತ್ ಮೆಟ್ಟಿಲ ಮೇಲೆ ಬೋರಲು ಬಿದ್ದು ಹುಡುಕುತ್ತಿದ್ದಾಗ ಕಟ್ಟಡದ ನಿವಾಸಿಗಳ ಸಂಘದ ಕಾರ್ಯದರ್ಶಿ ವಾಲ್ಟರ್ ಬಂದು ವಿಚಾರಿಸಿದರು. ಇವನು ಇದ್ದದ್ದನ್ನೇ ಹೇಳಿದ. ಕಾಫಿ ಕುಡಿಯುವಷ್ಟರಲ್ಲಿ ಇಡೀ ಕಟ್ಟಡದಲ್ಲಿ ಅದು ಹಾವಾಗಿತ್ತು. ಮೇಲಿನ ಮಹಡಿಯವರು ನೆಂಟರ ಮನೆಗೆ ಹೊರಟರು. ವಾಲ್ಟರ್ ಕರೆಸಿದ ಉರಗಪ್ರೇಮಿಗೆ, ಪಂಪ್ ಶೆಡ್ಡಿನಲ್ಲಿ ಬಹುಕಾಲದಿಂದ ನೆಮ್ಮದಿಯಾಗಿದ್ದ ಕೇರೆಹಾವೊಂದು ಸಿಕ್ಕಿ, ಅದೂ ಮೋಕ್ಷಿತನ ಲೆಕ್ಕಕ್ಕೇ ಸೇರಿತು.

ಸಂಜೆ ಬಂದ ಗ್ಲೆನ್ ಒಳ್ಳೆಯವರು, ಬೈಯಲಿಲ್ಲ. ಮೋಕ್ಷಿತನಿಗೆ ಅದೇ ಹೆಚ್ಚು ದುಃಖ ತಂದಿತು. ಅಷ್ಟರಲ್ಲಿ, ನಸುಕಿನಲ್ಲೇ ಹೊರಗೆ ಹೋಗಿದ್ದ ರಿಝ್ವಾನಾಳ ಗಂಡ ಜಾಬಿರ್ ಐಸ್‌ಕ್ರೀಮ್ ಡಬ್ಬ ಹಿಡಿದು ಬಂದ. ನೆರೆಮನೆಯ ಡಬ್ಬವನ್ನು ಖಾಲಿ ಹಿಂತಿರುಗಿಸುವ ಪದ್ಧತಿ ಅಲ್ಲಿಲ್ಲ. ಒಳಗೆ ಬಿಸಿಬಿಸಿ ಮೀನು ಫ್ರೈ ಇತ್ತು. ಗ್ಲೆನ್ ಚಪ್ಪರಿಸಿದರು. ಮೋಕ್ಷಿತನೂ ದುಃಖದಲ್ಲೇ ಎರಡು ತುಂಡು ತಿಂದ.

"ನೇತ್ರಾವತಿದು ಸರ್, ನಾನೇ ಗಾಳ ಹಾಕಿದ್ದು," ಎಂದ ಜಾಬಿರ್. "ನಿಮ್ಮ ಹೂಕುಂಡದಲ್ಲಿ ಬೆರಳು ದಪ್ಪದ ಎರೆಹುಳ ಸಿಕ್ಕಿತ್ತು ಮಾರಾಯ್ರೆ. ಬಾಯಲ್ಲಿ ಹಲ್ಲು ಬೇರೆ. ಮೀನು ಅದನ್ನು ಇಡೀ ನುಂಗಿತು."

ಗ್ಲೆನ್ ಕೈಯ ತುಂಡನ್ನು ಮೆಲ್ಲನೆ ಕೆಳಗಿಟ್ಟರು. "ಆ ಹುಳದ ಹೊಟ್ಟೆಯ ಮೇಲೆ ಹಳದಿ ಪಟ್ಟಿ ಇತ್ತಾ?"

"ಉಂಟಲ್ಲ, ಅದರ ಪಕ್ಕ ಕೆಂಪು ಚುಕ್ಕಿ."

"ಹಾಗಾದರೆ ಹೊಸ ಜಾತಿಯೇ," ಎಂದರು ಗ್ಲೆನ್, ಮೋಕ್ಷಿತನ ಮುಖ ನೋಡದೆ.

ಮೀನಿನ ಕರುಳೆಲ್ಲ ಎಲ್ಲಿ ಎಂದು ಮೋಕ್ಷಿತ್ ಸಣ್ಣ ಸ್ವರದಲ್ಲಿ ಕೇಳಿದ. ಆಗಲೇ ಬೆಕ್ಕಿಗೆ ಹಾಕಿಯಾಗಿತ್ತು.

ತೃಪ್ತಿ ಡಬ್ಬ ತೊಳೆದು ತಂದು ಗಂಡನ ಮುಂದಿಟ್ಟಳು.

"ತಕ್ಕೊಳ್ಳಿ, ಇನ್ನು ಇದರಲ್ಲಿ ಎಷ್ಟು ಬೇಕಾದರೂ ಮಣ್ಣು ತುಂಬಿಸಿ. ನಾನು ಮುಟ್ಟುವುದಿಲ್ಲ."