ಗೋಡೆಗೆ ಬಂದ ನಾಚಿಕೆ

‘ನಿನ್ನೆ ಒಂದು ಪ್ಯಾನೆಲ್ ಬೀಳಿಸಿದೆ. ಯಾರೂ ನೋಡಲಿಲ್ಲ. ನೋಡಿದ್ದರೇ ಚೆನ್ನಾಗಿತ್ತು, ನಾನಾಗಿ ಹೇಳುವ ಕಷ್ಟ ತಪ್ಪುತ್ತಿತ್ತು.’

ದಿನಚರಿಯಲ್ಲಿ ಇಷ್ಟು ಬರೆದು ಅವಳು ಕೆಲಸಕ್ಕೆ ಹೊರಟಳು. ಡಿಗ್ರಿ ಮುಗಿಸಿ, ಎಲ್‌ಇಡಿ ಪರದೆ ಕೂರಿಸುವ ಕಂಪನಿ ಸೇರಿ ಆರು ತಿಂಗಳಾಗಿತ್ತು. ದನಿ ಏರಿಸಿ ಮಾತಾಡದ ಅವಳು ಅಲ್ಲಿ ಎಲ್ಲರಿಗೂ ‘ಪಿಸುಮಾತು’. ಕೆಲಸ ಕಾಯಂ ಆಗುವುದೋ ಇಲ್ಲವೋ ಇವತ್ತೇ ತೀರ್ಮಾನ. ಬಣ್ಣದ ಅಂಗಡಿಯೊಂದರಲ್ಲಿ ಇಪ್ಪತ್ತನಾಲ್ಕು ಪ್ಯಾನೆಲ್ ಜೋಡಿಸಿದ, ಗೋಡೆಯಷ್ಟಗಲದ ಪರದೆ ಸಂಜೆ ಐದಕ್ಕೆ ಬೆಳಗಬೇಕಿತ್ತು. ಗಿರಾಕಿಗಳು ಅದರಲ್ಲಿ ಬಣ್ಣ ನೋಡಿ ಡಬ್ಬ ಕೊಳ್ಳಬೇಕು.

ಅಂಗಡಿ ತಲುಪಿ ಪರದೆ ಹೊತ್ತಿಸಿದಳು. ಇಪ್ಪತ್ತಮೂರು ಪ್ಯಾನೆಲ್‌ಗಳು ಹಾಲಿನಂತೆ ಬೆಳ್ಳಗಿದ್ದವು. ಒಡೆದುದರ ಜಾಗಕ್ಕೆ ಗುಟ್ಟಾಗಿ ಹಳೆಯ ಸ್ಟಾಕಿನಿಂದ ತಂದು ಕೂರಿಸಿದ ಇಪ್ಪತ್ತನಾಲ್ಕನೆಯದು ಮಾತ್ರ ಏಟು ತಿಂದ ಕೆನ್ನೆಯಂತೆ ಕೆಂಪಗಿತ್ತು. ಸುತ್ತ ಕಪ್ಪು ಗೆರೆ ಬೇರೆ.

“ಇದೇನಮ್ಮಾ, ಪರದೆಗೆ ತೇಪೆ ಹಾಕಿದೀಯಾ?” ಕೌಂಟರಿನ ಅಕ್ಕ ಕೇಳಿದಳು.

“ಇ... ಇಲ್ಲ ಅಕ್ಕಾ, ಅದು ಸ್ವಲ್ಪ ಬಿಸಿಯಾಗ್ಬೇಕು.”

“ನಮ್ಮನೆ ರೇಡಿಯೋನೂ ಹಿಂಗೇ ಆಡ್ತಿತ್ತು. ಒಂದು ಕೊಟ್ರೆ ದಾರಿಗೆ ಬರುತ್ತೆ,” ಎಂದ ಕಾವಲಿನ ತಾತ, ಅವಳು ತಡೆಯುವ ಮೊದಲೇ ಒಂದು ಕೊಟ್ಟೂಬಿಟ್ಟ. ಪ್ಯಾನೆಲ್ ಕೂದಲೆಳೆಯಷ್ಟು ಹಿಂದೆ ಸರಿದು ಗೆರೆ ಇನ್ನೂ ದಪ್ಪಗಾಯಿತು.

ಅವಳು ಅಂಚಿನ ದೀಪಗಳ ಬೆಳಕು ಹೆಚ್ಚಿಸಿದಳು. ಕಪ್ಪು ಗೆರೆ ಹೋಗಿ ಬಿಳಿ ಗೆರೆ ಬಂತು.

“ಈಗ ಥೇಟ್ ಕಿಟಕಿ! ಸರಳು ಹಾಕೋದೊಂದು ಬಾಕಿ,” ಅಂದಳು ಅಕ್ಕ.

ಹಿಂದಿನ ಸ್ಕ್ರೂಗಳನ್ನು ತಿರುಗಿಸೀ ತಿರುಗಿಸೀ ನಾಲ್ಕರ ಹೊತ್ತಿಗೆ ಗೆರೆ ಮಾಯವಾಯಿತು. ಕೆಂಪು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಹಳೆಯ ಪ್ಯಾನೆಲಿನಲ್ಲಿ ನೀಲಿ, ಹಸಿರು ಸೊರಗಿದ್ದವು. ಕೆಂಪನ್ನು ಇಳಿಸಿದರೆ ಇಡೀ ಪ್ಯಾನೆಲ್ಲೇ ಮಂಕಾಗುತ್ತಿತ್ತು.

ಕಂಪನಿಯ ಇಂಜಿನಿಯರ್ ಸಾಹೇಬರ ಫೋನ್ ಬಂತು. “ಎಲ್ಲಾ ಸರಿ ಇದೆ ತಾನೇ?”

“ಹೂಂ ಸಾರ್.”

ಹೇಳಿದ ಮೇಲೆ, ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು. ನೆಲ ನುಂಗಲಿಲ್ಲ; ಬದಲಿಗೆ ಉಪಾಯವೊಂದು ಹೊಳೆಯಿತು. ಒಂದು ಇಪ್ಪತ್ತಮೂರರಂತಾಗದಿದ್ದರೆ, ಇಪ್ಪತ್ತಮೂರೂ ಆ ಒಂದರಂತಾಗಲಿ! ಒಂದೊಂದಕ್ಕೂ ಚೂರುಚೂರು ಕೆಂಪು ಬೆರೆಸಿದಳು. ಐದಕ್ಕೆ ಐದು ನಿಮಿಷವಿರುವಾಗ ಪರದೆ ಎಲ್ಲೂ ಬಿರುಕಿಲ್ಲದೆ ಒಂದೇ ಸಮ ನಿಂತಿತ್ತು.

ಅಂಗಡಿಯ ಯಜಮಾನರು ಅತಿಥಿಗಳೊಂದಿಗೆ ಬಂದರು. ಹಿಂದೆ ಇಂಜಿನಿಯರ್ ಸಾಹೇಬರು.

“ನಮ್ಮ ಒಂಬತ್ತನೇ ನಂಬರಿನ ಬಿಳಿ ತೋರ್ಸಮ್ಮ.”

ತೋರಿಸಿದಳು. ಯಜಮಾನರು ಬಾಯಿ ತೆರೆದು ನಿಂತರು. ಅವಳ ಕತ್ತು ತಾನಾಗಿ ಬಾಗಿತು.

“ಅಬ್ಬಾ! ಇದು ಒಂಬತ್ತೇನ್ರೀ? ಈಗಷ್ಟೇ ಬೆಳಗಾದ ಹಾಗಿದೆ!”

“ನಮ್ಮ ಮನೆಗೆ ಇದೇ ಬೇಕು,” ಎಂದರು ಒಬ್ಬರು. “ನಮ್ಮ ಶಾಲೆಗೂ!” ಎಂದರು ಇನ್ನೊಬ್ಬರು.

ಸಾಹೇಬರು ಉಬ್ಬಿಹೋದರು. “ಪಿಸುಮಾತು, ನಿನ್ನ ಕೆಲಸ ಕಾಯಂ ಕಣಮ್ಮಾ!”

ಅಷ್ಟರಲ್ಲಿ ಅಕ್ಕ ಒಂಬತ್ತರ ಡಬ್ಬ ತಂದಳು. ಯಜಮಾನರು ತಾವೇ ಮುಚ್ಚಳ ಎಬ್ಬಿದರು. ಒಳಗೆ ಬರೀ ಬಿಳಿ. ಗೋಡೆ ನೋಡಿದರು, ಡಬ್ಬ ನೋಡಿದರು. “ಇದಲ್ಲ, ಅದು!” ಹತ್ತನೆಯದು ತೆರೆದರು, ಹನ್ನೊಂದನೆಯದು ತೆರೆದರು. ನೆಲದ ತುಂಬ ಮುಚ್ಚಳಗಳಾದ ಮೇಲೆ ಎಲ್ಲರೂ ಅವಳತ್ತ ತಿರುಗಿದರು.

“ನೀನೇ ಹೇಳಮ್ಮ, ಆ ಬಣ್ಣ ಯಾವ ಡಬ್ಬದಲ್ಲಿದೆ?”

ಆರು ತಿಂಗಳಲ್ಲಿ ಮೊದಲ ಬಾರಿಗೆ ಅವಳ ದನಿ ಬೀದಿಯವರೆಗೂ ಕೇಳಿಸಿತು.

“ಯಾವ ಡಬ್ಬದಲ್ಲೂ ಇಲ್ಲ ಸಾರ್. ಅದು ನನ್ನ ತಪ್ಪು!”