ಕಟಕಟ ಎನ್ನದ ರೊಟ್ಟಿ

ಬೈಲಹೊಂಗಲದಲ್ಲಿದ್ದುಕೊಂಡು ಖಡಕ್ ರೊಟ್ಟಿಗೆ ಹೆದರುವವರು ಇಡೀ ಊರಿಗೆ ಒಬ್ಬರೇ. ಅವರು ನಮ್ಮ ಮನೆಯಲ್ಲೇ ಇದ್ದಾರೆ! ನಮ್ಮ ಯಜಮಾನರ ಸೋದರತ್ತೆ. ಮನೆಮಂದಿಗೆಲ್ಲ 'ಅತ್ತಿ', ನನ್ನ ಮಗಳಿಗೆ 'ಆಯಿ'. ಹಾವು ಬಂದರೆ ಕೋಲು ಹಿಡಿದು ಎಲ್ಲರಿಗಿಂತ ಮುಂದೆ ನಿಲ್ಲುವ ಹೆಂಗಸು. ರೊಟ್ಟಿ ಬಂದರೆ ಮಾತ್ರ ಅದಕ್ಕೆ ನೀರು ಚಿಮುಕಿಸಿ, ಒದ್ದೆ ಬಟ್ಟೆ ಹೊದಿಸಿ, ಜ್ವರ ಬಂದ ಕೂಸನ್ನು ಮಲಗಿಸಿದಂತೆ ಮಲಗಿಸುತ್ತಾರೆ. ಅದು ಪೂರ್ತಿ ಮೆತ್ತಗಾದ ಮೇಲೆಯೇ ಊಟ.

ಹಲ್ಲಿಲ್ಲ ಎಂದುಕೊಂಡಿರಾ? ರಾಮದುರ್ಗದ ದಂತವೈದ್ಯರೊಬ್ಬರು ಅವರ ಬಾಯಿ ನೋಡಿ ದಂಗಾಗಿದ್ದರು.

"ಅಜ್ಜಿ, ಎಲ್ಲಾ ಹೊಸಾವ ಅದಾವಲ್ರಿ! ಒಮ್ಮೆ ಗಟ್ಟಿಯಾಗಿ ಹಲ್ಲ ಕಡೀರಿ, ನೋಡೂಣು."

"ಅದೊಂದ ಕೇಳಬ್ಯಾಡ್ರಿ ಡಾಕ್ಟರ. ಬೇಕಂದ್ರ ಎಲ್ಲಾ ಕಿತ್ತು ಇಟಗೋರಿ!"

ಇಷ್ಟಕ್ಕೆಲ್ಲ ಕಾರಣ ಒಂದು ಸದ್ದು. ನಾವು ಕ್ರೈಸ್ತರು. ಅತ್ತಿ ಸಣ್ಣವರಿದ್ದಾಗ ಸಂಡೇ ಸ್ಕೂಲಿನ ಮಾಸ್ತರರು ನರಕದ ಪಾಠ ಮಾಡಿದರಂತೆ. ಅಲ್ಲೊಂದು ಬೆಂಕಿಯ ಕೆರೆ, ಅದರೊಳಗೆ ಬಿದ್ದ ಪಾಪಿಗಳು ಹಲ್ಲು ಕಟಕಟ ಕಡಿಯುತ್ತಾರೆ ಎಂದು ಹೇಳಿ, ತಮ್ಮ ಹಲ್ಲನ್ನೇ ಕಟಕಟ ಬಡಿದು ತೋರಿಸಿದರಂತೆ. ಕೆಟ್ಟ ಮನುಷ್ಯರೇನಲ್ಲ, ಪಾಠ ಮುಗಿದ ಮೇಲೆ ಎಲ್ಲರಿಗೂ ಪೆಪ್ಪರಮೆಂಟು ಕೊಟ್ಟರು. ಆ ಪೆಪ್ಪರಮೆಂಟನ್ನು ಅತ್ತಿ ಕಡಿಯಲಿಲ್ಲ. ಅಂದಿನಿಂದ ಸದ್ದು ಮಾಡುವ ಯಾವುದನ್ನೂ ಕಡಿದಿಲ್ಲ!

ಕಿತ್ತೂರಿನ ಮದುವೆಯೊಂದರಲ್ಲಿ ಎಲೆಗೆ ಹಪ್ಪಳ ಬಿತ್ತು. ಅತ್ತಿ ಅದನ್ನು ಬಿಸಿ ಅನ್ನದ ಕೆಳಗೆ ಹುಗಿದು, ಮೇಲೆ ಸಾರು ಸುರಿದು, ಕೈ ಕಟ್ಟಿ ಕೂತರು. ಪಕ್ಕದ ಎಲೆಯ ಗೌಡತಿ ಇಣುಕಿ ನೋಡಿದರು.

"ಯಾಕ್ರಿ ಅಕ್ಕಾರ, ಹಪ್ಪಳಾ ಮಣ್ಣ ಮಾಡಿದ್ರೇನು?"

"ಹೂಂರಿ. ತುಸು ತಡೀರಿ, ಪ್ರಾರ್ಥನಿ ನಡದೈತಿ."

ಬೆಂಕಿಯ ಕೆರೆಯ ಕಥೆಯೂ ಇದೆ. ಸವದತ್ತಿಯಿಂದ ಬಸ್ಸಿನಲ್ಲಿ ಬರುವಾಗ ಸಂಜೆಯ ಬಿಸಿಲಿಗೆ ಡ್ಯಾಮಿನ ಹಿನ್ನೀರು ಕೆಂಪಗೆ ಹೊಳೆಯಿತು. ಅತ್ತಿ ಎದ್ದೇ ನಿಂತರು. "ಗಾಡಿ ಹೊಳ್ಳಸ್ರಿ!"

"ಅಜ್ಜಿ, ನೀರೈತ್ರಿ ಅದು," ಎಂದ ಕಂಡಕ್ಟರ್.

"ಮೊದ್ಲಿಗೆ ಎಲ್ಲಾರೂ ನೀರಂತಾನ ಹೇಳ್ತಾರ!"

ನಾವೆಲ್ಲ ಹೊಟ್ಟೆ ಹಿಡಿದು ನಕ್ಕಿದ್ದೇವೆ. ಆ ನಗು ನಿಂತದ್ದು ಈ ಬೇಸಿಗೆಯಲ್ಲಿ. ಚರ್ಚಿನ ರಜಾ ತರಗತಿಗೆ ಹೋಗಿದ್ದ ನನ್ನ ಮಗಳು, ಇನ್ನೂ ಎಂಟು ವರ್ಷದವಳು, ಮನೆಗೆ ಬಂದವಳೇ ಊಟ ಒಲ್ಲೆ ಎಂದಳು. ಮರುದಿನವೂ ಒಲ್ಲೆ. ಬೇರೆ ಊರಿನಿಂದ ಬಂದ ಟೀಚರ್ ಅದೇ ಪಾಠ ಮಾಡಿದ್ದರು, ಈಗ ಪರದೆಯ ಮೇಲೆ ಬೆಂಕಿಯ ಸಮೇತ! ಮಗಳ ಪಾಪವಾದರೂ ಎಂಥದ್ದು? ಹಾಲು ಕುಡಿದೆ ಎಂದು ನನಗೆ ಹೇಳಿ ದಾಸವಾಳದ ಬುಡಕ್ಕೆ ಸುರಿದದ್ದು. ದೇವರು ಕ್ಷಮಿಸುತ್ತಾನೆ ಎಂದು ನಾನು ಹೇಳಿದೆ, ಅವಳಪ್ಪನೂ ಹೇಳಿದರು.

"ಹಂಗಾದ್ರ ಆಯಿ ಯಾಕ ಇನ್ನೂ ಹೆದರತಾಳ?" ಎಂದಳು. ಉತ್ತರ ಕೊಡಿ ನೋಡೋಣ!

ಮೂರನೆಯ ಮಧ್ಯಾಹ್ನ ಅತ್ತಿ ಎಂದಿನಂತೆ ರೊಟ್ಟಿಗೆ ನೀರು ಚಿಮುಕಿಸುತ್ತಿದ್ದರು. ಮಗಳು ತನ್ನ ತಾಟು ತಂದು ಅವರ ಪಕ್ಕಕ್ಕೆ ಇಟ್ಟಳು.

"ಆಯಿ, ನನ್ನ ರೊಟ್ಟಿಗೂ ನೀರ ಹಾಕು. ನನಗೂ ಕಟಕಟ ಬ್ಯಾಡ."

ಅತ್ತಿಯ ಕೈ ಅಲ್ಲೇ ನಿಂತಿತು. ಮಗುವಿನ ಮುಖವನ್ನೇ ನೋಡಿದರು. ಆಮೇಲೆ ನೀರಿನ ತಂಬಿಗೆ ಸರಿಸಿ, ಬುಟ್ಟಿಯೊಳಗಿನ ಎಲ್ಲಕ್ಕಿಂತ ಖಡಕ್ಕಾದ ರೊಟ್ಟಿ ಹುಡುಕಿ ತೆಗೆದು, ಮುರಿದು, ಬಾಯಿಗಿಟ್ಟರು.

ಕಟಂ!

ಅಡುಗೆಮನೆಯೇ ಬೆಚ್ಚಿಬಿತ್ತು.

"ಕೇಳಿದೇನು? ರೊಟ್ಟಿ ಸಪ್ಪಳ ಅದು. ಬರೇ ರೊಟ್ಟೀದು. ಹೂಂ, ನೀನೂ ಕಡಿ."

"ನಿನಗ ಹೆದರಿಕಿ ಇಲ್ಲ?"

"ಯಾತರ ಹೆದರಿಕಿ? ನೀ ಹಾಲ ಎಲ್ಲಿ ಚೆಲ್ಲಿದಿ ಅಂತ ನೋಡಕೋತ ಕುಂಡ್ರಾಕ ದೇವರಿಗೆ ಬ್ಯಾರೆ ಕೆಲಸ ಇಲ್ಲೇನು?"

ಮಗಳು ಕಿಸಕ್ಕನೆ ನಕ್ಕಳು. ಆಮೇಲೆ ಇಬ್ಬರೂ ಸೇರಿ ಕಡಿದ ಸದ್ದಿಗೆ ಮೆಕ್ಕೆಜೋಳ ಬಿಡಿಸುವ ಮಷೀನೂ ನಾಚಬೇಕು! ಶೇಂಗಾ ಚಟ್ನಿ ಬಳಿದುಕೊಂಡು, ಮತ್ತೊಂದು ರೊಟ್ಟಿ ಕೇಳಿ ತಿಂದು, ಕೈ ತೊಳೆಯದೆ ಓಣಿಗೆ ಆಡಲು ಓಡಿದಳು.

ತಾಟು ಎತ್ತಲು ಹೋದೆ. ಅತ್ತಿ ಕೂತಲ್ಲೇ ಕೂತಿದ್ದರು. ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡಿದ್ದರು. ಹಿಡಿದೆ. ಅಷ್ಟು ಬಿಸಿಲಿನ ದಿನದಲ್ಲೂ ತಣ್ಣಗೆ!

"ಅತ್ತಿ, ಹೆದರಿಕಿ ಹೋಗಿಲ್ಲೇನ್ರಿ?"

"ಎಲ್ಲಿ ಹೋಗ್ತೈತಿ ತಂಗಿ? ಸಣ್ಣಾಕಿ ಇದ್ದಾಗ ಬಂದ ಕುಂತೈತಿ." ಓಣಿಯಲ್ಲಿ ಮಗಳ ಕೂಗು ಕೇಳುತ್ತಿತ್ತು. ಅತ್ತಿ ಅತ್ತ ಕಿವಿಗೊಟ್ಟರು. "ನಾ ನರಕಕ್ಕ ಹ್ವಾದ್ರ ಹ್ವಾದೆ. ಕೂಸು ಉಂಡಿತಿಲ್ಲೋ, ಸಾಕು."

ಮುಸುರೆ ಪಾತ್ರೆಗಳು ಹಾಗೇ ಬಿದ್ದಿದ್ದವು. ಆ ಕೈ ಬೆಚ್ಚಗಾಗುವವರೆಗೆ ನಾನು ಬಿಡಲಿಲ್ಲ.