ದೇರಪ್ಪನ ಮರಿಗಳಿಗೆ ಅರಗಿದ ಹೊಟ್ಟು

ಕೊಡಗು ಮೈಸೂರಿಗೆ ಸೇರಿ ಬಂದ ಭಾಗ್ಯವೇನು ಎಂದು ಯಾರಾದರೂ ಕೇಳಿದರೆ ತೋರಿಸಲು ಮೂರ್ನಾಡಿನ ದೇರಪ್ಪನ ಬಳಿ ಸರಕಾರ ಸಾಕಲು ಕೊಟ್ಟ ಇಪ್ಪತ್ತು ಬ್ರಾಯ್ಲರ್ ಕೋಳಿಗಳಿದ್ದವು. ಮೂರು ವಾರದ ಮರಿ ಹತ್ತು, ಏಳು ವಾರದವು ಹತ್ತು. ಜತೆಗೆ ಯಾವುದೋ ಗಿರಣಿಯಲ್ಲಿ ಮುಸುಕಿನ ಜೋಳದ ಹಿಟ್ಟು ತೆಗೆದ ಮೇಲೆ ಉಳಿದ ಹೊಟ್ಟು ಒಂದು ಮೂಟೆ. ಎರಡು ಗುಂಪಿಗೂ ಎಂಟು ದಿನ ಅದನ್ನೇ ಹಾಕಬೇಕು, ಗುರುವಾರ ಇಲಾಖೆಯ ಸಾಹೇಬರು ಬಂದು ನೋಡಿ ಒಪ್ಪಿದರೆ ಹೆಂಚಿನ ಮಾಡು, ತಂತಿಬಲೆ ಇರುವ ಕೋಳಿಗೂಡು ಸರಕಾರದ ಖರ್ಚಿನಲ್ಲಿ. ಕೋಳಿಗಳ ಜತೆ ಬಂದ ಇಂಗ್ಲಿಷ್ ಕಾಗದವನ್ನು ಹೀಗೆಂದು ಓದಿ ಹೇಳಿದವನು ನೆರೆಮನೆಯ ಸಾಂತಪ್ಪ. ಎಸ್ಟೇಟಿನಲ್ಲಿ ಇಪ್ಪತ್ತು ವರ್ಷ ಲೆಕ್ಕ ಬರೆಯುವ ರೈಟರಾಗಿದ್ದ ಅವನು ತಿಳಿಯದ ಮಾತುಗಳನ್ನು ಹಾರಿಸಿ ಓದುವುದರಲ್ಲಿ ಪಳಗಿದವನು.

ಹೋದ ವರ್ಷ ದೇರಪ್ಪನ ಹದಿನಾಲ್ಕು ನಾಟಿಕೋಳಿಗಳನ್ನು ಕಾಡುಬೆಕ್ಕು ಮುಗಿಸಿತ್ತು. ಆ ಗೂಡು ಅವನಿಗೆ ಬೇಕೇ ಬೇಕಿತ್ತು.

ಗುರುವಾರ ಬೆಳಿಗ್ಗೆ ದೊಡ್ಡ ಕೋಳಿಗಳು ಹೊಟ್ಟು ಮುಗಿಸಿ ಮೂಟೆಯನ್ನೇ ಕುಕ್ಕುತ್ತಿದ್ದವು. ಮರಿಗಳು ಮಾತ್ರ ಒದ್ದೆ ಹತ್ತಿಯ ಉಂಡೆಗಳಂತೆ ಮೂಲೆಯಲ್ಲಿ ಕೂತಿದ್ದವು. ತಿಂದ ಹೊಟ್ಟು ತಿಂದ ಬಣ್ಣದಲ್ಲೇ ಹೊರಗೆ ಬಿದ್ದಿತ್ತು. ದೇರಪ್ಪ ಸಾಂತಪ್ಪನನ್ನು ಕೂಗಿದ.

“ಕರಿಮೆಣಸು ಅರೆದ್ ಸಾರಾಯಿಲಿ ಕಲ್ಸಿ ಕೊಡ್. ಎಸ್ಟೇಟ್ ದೊರೆಗಳ ನಾಯಿಗೆ ನಾನೇ ಕೊಟ್ಟೊಳೆ,” ಎಂದ ಸಾಂತಪ್ಪ, ಕುಪ್ಪಿ ಹಿಡಿದುಕೊಂಡೇ ಬಂದು.

“ನಾಯಿಗೆ ಎಂಥ ಆತ್?”

“ಆಮೇಲೆ ಅದ್ ಬೊಗ್ಳಿದ್ದೇ ಇಲ್ಲೆ.”

ಅಷ್ಟರಲ್ಲಿ ದೇರಪ್ಪನ ಚಿಕ್ಕಮ್ಮ ಬೊಳ್ಳಮ್ಮ ಬೇಲಿ ದಾಟಿ ಬಂದಳು. “ಸರ್ಕಾರದ ಕೋಳಿಗೆ ಕುಲ ಇಲ್ಲೆ, ದೈವ ಇಲ್ಲೆ. ಗುರುಕಾರಣರಿಗೆ ಹರಕೆ ಹೇಳ್. ಮರಿ ಎದ್ದ್ ನಿಂತರೆ ದೊಡ್ಡ ಕೋಳಿ ಕೊಡ್ನೆ ಅಂತ.”

“ಎಷ್ಟ್ ಕೋಳಿ?”

“ತಲೆಗೆ ತಲೆ.”

ಗುರುಕಾರಣರೆಂದರೆ ತೀರಿಹೋದ ಮನೆತನದ ಹಿರಿಯರು. ಅವರಿಗೆ ಹೇಳಿದ ಕೋಳಿಯನ್ನು ಮಾರುವಂತಿಲ್ಲ, ಯಾರಿಗೂ ಕೊಡುವಂತಿಲ್ಲ. ಎಡೆ ಇಟ್ಟು ಮನೆಯವರೇ ಉಣ್ಣಬೇಕು. ಗೂಡಿನ ಆಸೆಗೆ ಬಿದ್ದ ದೇರಪ್ಪ ಹತ್ತೂ ದೊಡ್ಡ ಕೋಳಿಗಳ ಕಾಲಿಗೆ ಅರಿಶಿನದ ದಾರ ಕಟ್ಟಿ ಕೈಮುಗಿದ.

ಎಲ್ಲವನ್ನೂ ಹಿರಿಯರ ಮೇಲೇ ಹೊರಿಸುವುದು ಸರಿಯಲ್ಲವೆಂದು ಬೊಳ್ಳಮ್ಮ ಹೊಟ್ಟನ್ನು ಗುಡಿಸಿ ಎಸೆದು, ಮರಿಗಳಿಗೆ ನುಚ್ಚಿನ ಗಂಜಿಗೆ ಮಜ್ಜಿಗೆ ಬೆರೆಸಿ ಇಟ್ಟಳು. ಮಧ್ಯಾಹ್ನದ ಹೊತ್ತಿಗೆ ಮರಿಗಳು ಎದ್ದು ಓಡಾಡತೊಡಗಿದವು. ಮರಿಗಳಿಗೆ ಬೇಡವಾದ ಸಾರಾಯಿಯನ್ನು ಸಾಂತಪ್ಪ ಹಾಳಾಗಲು ಬಿಡಲಿಲ್ಲ.

ಮೂರು ಗಂಟೆಗೆ ಮಡಿಕೇರಿಯಿಂದ ಜೀಪು ಬಂತು. ಸಾಹೇಬ ನಾಗೇಶ್ವರ ಅವರು ಮರಿಗಳನ್ನು ಒಂದೊಂದಾಗಿ ಹಿಡಿದು ನೋಡಿದರು.

“ಇವಕ್ಕೆ ಏನು ಹಾಕ್ತಿದ್ದೀರಿ?”

“ನೀವು ಕೊಟ್ಟದ್ದೇ ಸಾರ್. ಬೇರೆ ಮೂಸಿಯೂ ನೋಡುದಿಲ್ಲ.”

ಸಾಹೇಬರ ಮುಖ ಬಾಡಿತು. “ಎಳೇ ಮರಿಗೆ ಈ ಹೊಟ್ಟು ಅರಗುವುದಿಲ್ಲ, ಬಲಿತದ್ದಕ್ಕೆ ಅರಗ್ತದೆ. ಅದನ್ನು ತೋರಿಸ್ಲಿಕ್ಕೇ ಅಲ್ವೇನ್ರಿ ಈ ಪರೀಕ್ಷೆ? ಕಾಗದದಲ್ಲಿ ಬರೆದಿತ್ತಲ್ಲ. ನಾಲ್ಕು ಮರಿ ಸೊರಗಿದ್ದರೂ ನಿಮ್ಮ ಗೂಡಿಗೆ ಈಗಲೇ ಸಹಿ ಹಾಕ್ತಿದ್ದೆ.”

ಸಾಂತಪ್ಪ ಹಲಸಿನ ಮರದ ತುದಿಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

ದೇರಪ್ಪನಿಗೆ ಅಳು ಬಂತು. “ಸಾರ್, ಸುಳ್ಳು ಹೇಳಿದೆ. ಮರಿಗೆ ಹಾಕಿದ್ದು ಗಂಜಿ. ಬೆಳಿಗ್ಗೆ ಸಾಯುವ ಹಾಗೆ ಇದ್ದವು.”

“ಗೂಡು ಅಂದ ಮೇಲೆ ಎಲ್ಲರಿಗೂ ಸತ್ಯ ನೆನಪಾಗ್ತದೆ,” ಎಂದರು ಸಾಹೇಬರು, ನಂಬದೆ.

“ಬೇಕಾದ್ರೆ ಈಗ್ಲೇ ಹೊಟ್ಟು ಹಾಕಿ ನೋಡಿ ಸಾರ್.”

ದೇರಪ್ಪ ಮೂಟೆಯಿಂದ ಒಂದು ಹಿಡಿ ಹೊಟ್ಟು ತೆಗೆದು ಎರಚಿದ. ಬೆಳಗಿನ ಪಾಡನ್ನು ಮರೆತಿದ್ದ ಮರಿಗಳು ಓಡಿ ಬಂದು ಒಂದನ್ನೊಂದು ತಳ್ಳಿಕೊಂಡು ತಿಂದವು. ‘ಮೂರು ವಾರದ ಮರಿಗೂ ಹೊಟ್ಟು ಹಿತ’ ಎಂದು ಸಾಹೇಬರು ಬರೆದುಕೊಂಡರು.

ಹೊರಡುವಾಗ ಅವರಿಗೇ ಕನಿಕರ ಬಂತು. “ಆ ದೊಡ್ಡವನ್ನು ಕೊಡಿ. ಮಡಿಕೇರಿಯಲ್ಲಿ ತೋರಿಸಿ ಗೂಡಿಗೆ ಇನ್ನೊಮ್ಮೆ ಕೇಳ್ತೇನೆ.”

ದೇರಪ್ಪ ಕೋಳಿ ಹಿಡಿಯಲು ಓಡಿದ. ಬೊಳ್ಳಮ್ಮ ಬಾಗಿಲಿಗೆ ಅಡ್ಡ ನಿಂತಳು. “ದಾರ ಕಟ್ಟಿ ಆತ್, ಮರಿ ಎದ್ದ್ ಆತ್. ಅದ್ ಇನ್ನ್ ಗುರುಕಾರಣರದ್.”

ಆದಿತ್ಯವಾರ ಎಡೆ ಇಟ್ಟು ಎಲ್ಲರೂ ಉಂಡರು. ಮನೆಯವನಲ್ಲದಿದ್ದರೂ ಸಾಂತಪ್ಪ ಮೂರು ಸಲ ಬಡಿಸಿಕೊಂಡು, ಜೋಳ ತಿಂದ ಕೋಳಿ ಮನುಷ್ಯರಿಗೆ ಚೆನ್ನಾಗಿ ಅರಗುತ್ತದೆಂದು ತೀರ್ಪು ಕೊಟ್ಟ.

ಮರುದಿನ ಜೀಪು ಮತ್ತೆ ಬಂತು. ಎಳೇ ಮರಿಗೂ ಹೊಟ್ಟು ಅರಗಿಸಿದ ನಿಪುಣನಿಗೆಂದು ಸರಕಾರ ಮೂರು ವಾರದ ಐವತ್ತು ಮರಿ, ಐದು ಮೂಟೆ ಹೊಟ್ಟು ಕಳಿಸಿತ್ತು. ಗೂಡಿನ ಸುದ್ದಿ ಇರಲಿಲ್ಲ. ದೇರಪ್ಪ ತಲೆ ಮೇಲೆ ಕೈ ಹೊತ್ತು ಕುಳಿತ.

ಬೇಲಿಯಾಚೆಯಿಂದ ಬೊಳ್ಳಮ್ಮ ಇಣುಕಿದಳು. “ದೇರಪ್ಪ, ದೊಡ್ಡ ಕೋಳಿ ಒಂದೂ ಇಲ್ಲೆ. ಈಗ ಹರಕೆಗೆ ಎಂಥ ಹೇಳ್ದು?”